ಐಬಾರ್: ಒಂದು ಸಣ್ಣ ಊರಿನ ಕಾಲ್ಚೆಂಡು ಸಂಘ

ನಮ್ಮ ಶಾಲೆಯ ಬಾಲಕ ಬಾಲಕಿಯರು ಬಿಡುವಿನ ವೇಳೆಯಲ್ಲಿ ಕಾಲ್ಚೆಂಡಾಟದ ಮಾತಿಗೆ ತೊಡಗಿದರೆಂದರೆ ಅವರ ಬಾಯಿಂದ ಹೊರಡುವ ಹೆಸರುಗಳು ಮೂರೋ ನಾಲ್ಕೋ ಮಾತ್ರ. ಬಾರ್ಸೆಲೋನ, ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್. ಅಲ್ಲಿಗೆ ಪಟ್ಟಿ ಮುಗಿಯಿತು. ಮಹಾನಗರದಲ್ಲಿ ಬೆಳೆಯುವ ಮಕ್ಕಳಿಗೆ ಮಹಾನಗರಗಳ ಸಂಘಗಳೇ ಕಣ್ಣಿಗೆ ಬೀಳುವುದು ಸಹಜ. ಅದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಈ ದೊಡ್ಡ ಸಂಘಗಳು ತಮ್ಮಷ್ಟಕ್ಕೆ ತಾವೇ ಆಡಿ ಗೆಲ್ಲುವುದಿಲ್ಲವಷ್ಟೆ? ವಾರವಾರವೂ ಅವುಗಳ ಎದುರಿಗೆ ಯಾರೋ ನಿಂತು ಆಡಬೇಕು. ಹಾಗೆ ನಿಂತು ಆಡಿದ ಒಂದು ಸಣ್ಣ ಊರಿನ ಸಂಘದ ಚರಿತ್ರೆಯನ್ನು ಈ ಲೇಖನದಲ್ಲಿ ಅಭ್ಯಾಸ ಮಾಡೋಣ.

ಮೊದಲು ಭೂಪಟವನ್ನು ತೆರೆಯೋಣ. ಸ್ಪೇನ್ ದೇಶದ ಉತ್ತರದ ಅಂಚಿನಲ್ಲಿ, ಬಿಸ್ಕೆ ಕೊಲ್ಲಿಗೆ ತಾಗಿದಂತೆ, ಬಾಸ್ಕ್ ಜನರ ನಾಡಿದೆ. ಈ ಜನರ ಭಾಷೆಗೆ ಸ್ಪ್ಯಾನಿಷ್ ಭಾಷೆಯೊಡನೆಯಾಗಲಿ, ಪ್ರಪಂಚದ ಬೇರಾವ ಭಾಷೆಯೊಡನೆಯಾಗಲಿ ನಂಟು ಇದೆಯೆಂದು ಭಾಷಾಶಾಸ್ತ್ರಜ್ಞರು ಇನ್ನೂ ತೋರಿಸಿಕೊಟ್ಟಿಲ್ಲ. ಈ ನಾಡಿನ ದೊಡ್ಡ ನಗರಗಳಲ್ಲಿ ಎರಡು ಬಿಲ್ಬಾವೊ ಮತ್ತು ಸಾನ್ ಸೆಬಾಸ್ಟಿಯನ್. ಇವೆರಡರ ನಡುವೆ, ಗುಡ್ಡಗಳು ಇಕ್ಕೆಲದಲ್ಲೂ ಒತ್ತಿ ನಿಂತಿರುವ ಇಕ್ಕಟ್ಟಾದ ಕಣಿವೆಯೊಂದರಲ್ಲಿ ಐಬಾರ್ ಎಂಬ ಊರಿದೆ. ಜನಸಂಖ್ಯೆ ಸುಮಾರು 27,000. ಸಮತಟ್ಟಾದ ನೆಲವೆಂಬುದು ಅಲ್ಲಿ ಅಪರೂಪ. ಮನೆಗಳು ಮೇಲಕ್ಕೆ ಬೆಳೆದಿವೆ; ಕೆಲವೆಡೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗಲು ಮೆಟ್ಟಿಲು ಹತ್ತಬೇಕು.

ಇಂಥ ಊರಿನಲ್ಲಿ ಬೇಸಾಯಕ್ಕೆ ನೆಲವೆಲ್ಲಿಯದು? ಆದುದರಿಂದ ಜನ ಕೈಗೆಲಸವನ್ನು ಹಿಡಿದರು. ಶತಮಾನಗಳ ಕಾಲ ಐಬಾರಿನ ಕಮ್ಮಾರರು ಬಂದೂಕುಗಳನ್ನು ಮಾಡಿದರು. ಊರಿನವರನ್ನೂ ಅವರ ಆಟದ ತಂಡವನ್ನೂ 'ಅರ್ಮೇರೊಸ್', ಎಂದರೆ ಬಂದೂಕು ಮಾಡುವವರು, ಎಂದು ಕರೆಯುವುದು ಇದರಿಂದಲೇ. ಬಂದೂಕಿನ ನಳಿಗೆಯನ್ನು ಕೊರೆಯಬಲ್ಲ ಕೈಗೆ ಉಕ್ಕಿನ ಯಾವ ಕೆಲಸವೂ ಕಷ್ಟವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಂದೂಕಿಗೆ ಬೇಡಿಕೆ ಇಳಿದಾಗ ಈ ಕಾರ್ಖಾನೆಗಳಲ್ಲಿ ಹಲವು ಬೈಸಿಕಲ್ಲುಗಳನ್ನು ಮಾಡತೊಡಗಿದವು. 1840ರಲ್ಲಿ ಬಂದೂಕಿನ ಅಂಗಡಿಯಾಗಿ ಆರಂಭವಾದ ಓರ್ಬೆಯ ಎಂಬ ಸಂಸ್ಥೆಯ ಬೈಸಿಕಲ್ಲುಗಳು ಇಂದಿಗೂ ಪ್ರಖ್ಯಾತ. 1920ರಲ್ಲಿ ಕೆಲಸಗಾರರೇ ಕೂಡಿ 'ಆಲ್ಫಾ' ಎಂಬ ಸಹಕಾರೀ ಕಾರ್ಖಾನೆಯನ್ನು ಸ್ಥಾಪಿಸಿ, ಮೊದಲು ಪಿಸ್ತೂಲುಗಳನ್ನೂ ಬಳಿಕ ಹೊಲಿಗೆಯ ಯಂತ್ರಗಳನ್ನೂ ತಯಾರಿಸಿದರು. ಹತ್ತು ಜನ ಸೇರಿ ಪಾಲು ಹಾಕಿ ಒಂದು ಉದ್ಯಮವನ್ನು ನಡೆಸುವ ಈ ಅಭ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

1931ರ ಏಪ್ರಿಲ್ 14ರ ಬೆಳಗಿನ ಜಾವ, ಸ್ಪೇನಿನಲ್ಲಿ ಎಲ್ಲಕ್ಕಿಂತ ಮೊದಲು ಗಣರಾಜ್ಯದ ಬಾವುಟವನ್ನು ಏರಿಸಿದ ಊರು ಐಬಾರ್. ಆರು ವರ್ಷಗಳ ಬಳಿಕ ಅಂತರ್ಯುದ್ಧದಲ್ಲಿ ಇದಕ್ಕೆ ದೊರೆತ ಪ್ರತಿಫಲ ಘೋರವಾದುದು. 1937ರ ಏಪ್ರಿಲಿನಲ್ಲಿ ವಿಮಾನಗಳು ಬಾಂಬು ಸುರಿದು ಊರಿನ ಬಹುಭಾಗವನ್ನು ನೆಲಸಮ ಮಾಡಿದುವು. ಯುದ್ಧ ಮುಗಿದು ಫ್ರಾಂಕೋನ ಸರ್ವಾಧಿಕಾರ ನೆಲೆಗೊಂಡ ಮೇಲೆ ಬಾಸ್ಕ್ ಭಾಷೆಯ ಸಾರ್ವಜನಿಕ ಬಳಕೆಯನ್ನು ಅಡಗಿಸಲಾಯಿತು. ಇಂಥ ದಿನಗಳಲ್ಲಿ, 1940ರ ನವೆಂಬರ್ 30ರಂದು, ಊರಿನಲ್ಲಿದ್ದ ಎರಡು ಸಣ್ಣ ತಂಡಗಳು ಒಂದಾಗಿ ಐಬಾರ್ ಸಂಘವು ಹುಟ್ಟಿತು. ಕಟ್ಟಡಗಳೇ ಇನ್ನೂ ಪೂರ್ತಿಯಾಗಿ ಎದ್ದಿರದ ಊರಿನಲ್ಲಿ ಜನರಿಗೆ ಚೆಂಡಾಟದ ಗೀಳೇಕೆ ಎಂದು ಕೇಳುವವರು ಕೇಳಬಹುದು. ಬಂಧುಗಳನ್ನೂ ಮನೆಯನ್ನೂ ಕಳೆದುಕೊಂಡವರು ಭಾನುವಾರ ಒಂದೆಡೆ ಕೂಡಿ ಗಟ್ಟಿಯಾಗಿ ಕೂಗುವುದಕ್ಕೆ ಆಗ ಬೇರೆ ಸ್ಥಳಗಳು ಹೆಚ್ಚಾಗಿ ಇರಲಿಲ್ಲವೆಂಬುದೇ ನಮಗೆ ತೋರುವ ಉತ್ತರ.

ಸಂಘದ ಕ್ರೀಡಾಂಗಣವಾದ ಇಪುರೂವ 1947ರ ಸೆಪ್ಟೆಂಬರ್ 14ರಂದು ತೆರೆಯಿತು. ಗುಡ್ಡದ ಮಗ್ಗುಲಲ್ಲಿ, ಎತ್ತರದ ವಸತಿಗೃಹಗಳ ನಡುವೆ ಅದು ಹುದುಗಿದೆ. ಮಹಡಿಯ ಮನೆಯವರು ತಮ್ಮ ಬಾಲ್ಕನಿಯಲ್ಲಿಯೇ ನಿಂತು ಪಂದ್ಯವನ್ನು ನೋಡಬಹುದು. ಹಾಗೆ ನೋಡುವ ನೆರೆಯವರ ಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಬಹುಕಾಲ ಅಲ್ಲಿ ಹಿಡಿಸುತ್ತಿದ್ದ ಪ್ರೇಕ್ಷಕರು ಸುಮಾರು ಐದು ಸಾವಿರ. ನಮ್ಮ ನಗರದ ಓದುಗರಿಗೆ ಅರ್ಥವಾಗುವಂತೆ ಹೇಳಬೇಕಾದರೆ, ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಒಂದು ಲೋಕಲ್ ಗಾಡಿಯೊಳಗೆ ತುರುಕಿಕೊಂಡು ಬರುವಷ್ಟು ಮಂದಿ!

ಇನ್ನು ನೆರೆಹೊರೆಯ ಸಂಗತಿ. ಪೈಪೋಟಿಯೆಂದರೆ ಸಾಮಾನ್ಯವಾಗಿ ಸಮಾನ ಬಲದವರ ನಡುವಣ ಹೋರಾಟವೆಂದು ತಿಳಿಯುತ್ತೇವೆ. ಐಬಾರಿನ ಸ್ಥಿತಿ ಬೇರೆ. ಅದರ ಪಶ್ಚಿಮಕ್ಕೆ ಬಿಲ್ಬಾವೊ ನಗರದ ಅಥ್ಲೆಟಿಕ್ ಸಂಘ. ಇದು 1898ರಲ್ಲಿ ಹುಟ್ಟಿದುದು, ಬಾಸ್ಕ್ ನಾಡಿನ ಆಟಗಾರರನ್ನು ಮಾತ್ರವೇ ಆಡಿಸುವ ಪದ್ಧತಿಯನ್ನು ಪಾಲಿಸಿಕೊಂಡು ಬಂದುದು. ಪೂರ್ವಕ್ಕೆ ಸಾನ್ ಸೆಬಾಸ್ಟಿಯನ್ನಿನ ರಿಯಲ್ ಸೊಸಿಯೆದಾದ್, 1909ರದು. ದಕ್ಷಿಣಕ್ಕೆ ವಿಟೋರಿಯ ನಗರದ ಅಲಾವೆಸ್, 1921ರದು. 1981 ಮತ್ತು 1982ರಲ್ಲಿ ಸೊಸಿಯೆದಾದ್ ಸಂಘವೂ, 1983 ಮತ್ತು 1984ರಲ್ಲಿ ಅಥ್ಲೆಟಿಕ್ ಸಂಘವೂ ಇಡೀ ಸ್ಪೇನಿನ ಲೀಗನ್ನು ಗೆದ್ದವು. ನಾಲ್ಕು ವರ್ಷ ಪ್ರಶಸ್ತಿಯು ಬಾಸ್ಕ್ ನಾಡನ್ನು ಬಿಟ್ಟು ಹೋಗಲಿಲ್ಲ. ಆ ವರ್ಷಗಳಲ್ಲಿ ಐಬಾರ್ ಕೆಳಗಿನ ಶ್ರೇಣಿಗಳಲ್ಲಿ ತೊಳಲುತ್ತಿತ್ತು. ಐಬಾರ್ ಊರು ಸಾನ್ ಸೆಬಾಸ್ಟಿಯನ್ನಿನ ಪ್ರಾಂತಕ್ಕೆ ಸೇರಿದ್ದರೂ ಬಿಲ್ಬಾವೊ ಪ್ರಾಂತದ ಗಡಿಗೆ ಒತ್ತಿಕೊಂಡಿದೆ. ಹೀಗಾಗಿ ಊರಿನವರು ಒಂದು ವಿಚಿತ್ರವಾದ ಪದ್ಧತಿಗೆ ಒಗ್ಗಿಹೋದರು: ತಮ್ಮ ಊರಿನ ತಂಡದ ಜೊತೆಗೆ, ಕೆಲವರು ಅಥ್ಲೆಟಿಕ್ ಪಕ್ಷ, ಕೆಲವರು ಸೊಸಿಯೆದಾದ್ ಪಕ್ಷ. ಒಂದೇ ಮನೆಯಲ್ಲಿ ಅಣ್ಣನದೊಂದು, ತಮ್ಮನದೊಂದು. ದೊಡ್ಡವರ ಎದುರಿಗೆ ಐಬಾರ್ ನಿಜವಾಗಿ ಆಡುವ ದಿನ ಬಂದೀತೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ ಇದರಿಂದ ತೊಡಕೇನೂ ಉಂಟಾಗಲಿಲ್ಲ.

ಇಲ್ಲಿ ಸ್ಪೇನಿನ ಲೀಗಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ಮೊದಲನೆಯ ಶ್ರೇಣಿಯಲ್ಲಿ 20 ಸಂಘಗಳು, ಎರಡನೆಯದರಲ್ಲಿ 22. ಪ್ರತಿ ವರ್ಷವೂ ಮೇಲಿನ ಶ್ರೇಣಿಯ ಕೊನೆಯ ಮೂರು ಸಂಘಗಳು ಕೆಳಗಿಳಿಯುತ್ತವೆ, ಕೆಳಗಿನಿಂದ ಮೂರು ಮೇಲೇರುತ್ತವೆ. ಅದಕ್ಕೂ ಕೆಳಗೆ, ಐಬಾರ್ ಅಲ್ಲಿದ್ದ ಕಾಲಕ್ಕೆ, 80 ಸಂಘಗಳ ಮೂರನೆಯ ಶ್ರೇಣಿ. ಐಬಾರ್ 1953ರಲ್ಲಿ ಮೊದಲ ಬಾರಿಗೆ ಎರಡನೆಯ ಶ್ರೇಣಿಗೇರಿ ಐದು ವರ್ಷ ಅಲ್ಲಿದ್ದು ಇಳಿಯಿತು. ಮತ್ತೆ 1988ರಲ್ಲಿ ಏರಿ, 18 ವರ್ಷ ಒಂದೇ ಸಮನೆ ಅಲ್ಲಿ ಬೇರೂರಿ ನಿಂತಿತು. ಕಡಮೆ ಹಣವಿದ್ದ ಸಂಘವೊಂದು ಹೀಗೆ ನಿಲ್ಲುವುದಕ್ಕೆ ನೆರೆಯ ದೊಡ್ಡವರ ಸಹಾಯವೂ ಒಂದು ಕಾರಣವಾಗಿತ್ತು. ತಮ್ಮಲ್ಲಿ ಇನ್ನೂ ಮಾಗದ ಎಳೆಯ ಆಟಗಾರರನ್ನು ದೊಡ್ಡ ಸಂಘಗಳು ಒಂದೆರಡು ವರ್ಷದ ಮಟ್ಟಿಗೆ ಐಬಾರಿಗೆ ಎರವಲಾಗಿ ಕೊಡುತ್ತಿದ್ದವು. ಸೊಸಿಯೆದಾದ್ ಸಂಘವು 2000ರಲ್ಲಿ ಹೀಗೆ ಕಳುಹಿಸಿದ ತರುಣ ಷಾಬಿ ಅಲೊನ್ಸೊ. 2004ರಲ್ಲಿ ವೆಲೆನ್ಸಿಯ ಸಂಘದಿಂದ ಬಂದವನು ಡೇವಿಡ್ ಸಿಲ್ವ. ಇಪುರೂವದ ಕೆಸರಿನಲ್ಲಿ ಪಾಠ ಕಲಿತ ಇವರಿಬ್ಬರೂ 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದರು.

2006ರ ಬಳಿಕ ಕೆಟ್ಟ ಕಾಲ ಬಂದಿತು. ಒಮ್ಮೆ ಇಳಿದು, ಒಮ್ಮೆ ಏರಿ, 2009ರಲ್ಲಿ ಮತ್ತೆ ಮೂರನೆಯ ಶ್ರೇಣಿಗೆ ಬಿದ್ದ ಐಬಾರ್ ನಾಲ್ಕು ವರ್ಷ ಅಲ್ಲಿಯೇ ಉಳಿಯಿತು. ಆ ಕತ್ತಲೆಯಲ್ಲಿ ಒಂದು ಬೆಳಕಿನ ರಾತ್ರಿ 2012ರ ಡಿಸೆಂಬರಿನದು. ಸ್ಪೇನಿನ ರಾಜನ ಹೆಸರಿನಲ್ಲಿ ನಡೆಯುವ ಕಪ್ ಪಂದ್ಯಾವಳಿಯಲ್ಲಿ ಐಬಾರಿಗೆ ಎದುರಾಳಿಯಾಗಿ ಬಂದುದು ಅಥ್ಲೆಟಿಕ್! ಅಂದಿನ ನಿಯಮದಂತೆ ಪ್ರತಿಯೊಂದು ಜೋಡಿಗೂ ಎರಡು ಪಂದ್ಯ; ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಣದಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಜಯ. ಇಪುರೂವದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಎರಡನೆಯ ಪಂದ್ಯ ಬಿಲ್ಬಾವೊದ ಸಾನ್ ಮಾಮೆಸ್ ಅಂಗಣದಲ್ಲಿ. ಆ ಹಳೆಯ ಅಂಗಣಕ್ಕೆ ಅದೇ ಕೊನೆಯ ವರ್ಷ. ಜನ ಅದನ್ನು ದೇವಾಲಯವೆಂದು ಕರೆಯುತ್ತಿದ್ದರು. ಅಲ್ಲಿ ಪಂದ್ಯ 1-1ರಲ್ಲಿ ಮುಗಿಯಿತು. ಐಬಾರ್ ಹೊಡೆದ ಆ ಒಂದು ಗೋಲು ಪರಸ್ಥಳದ ಗೋಲಾದ್ದರಿಂದ ಅಥ್ಲೆಟಿಕ್ ಹೊರಬಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಯೂರೋಪಿನ ಲೀಗಿನ ಅಂತಿಮ ಪಂದ್ಯವನ್ನಾಡಿದ್ದ ಸಂಘವನ್ನು ಮೂರನೆಯ ಶ್ರೇಣಿಯ ನೆರೆಯವರು ಅದರ ಮನೆಯಲ್ಲಿಯೇ ತಡೆದರು.

2013ರಲ್ಲಿ ಐಬಾರ್ ಎರಡನೆಯ ಶ್ರೇಣಿಗೆ ಮರಳಿತು. ತರಬೇತುದಾರ ಗೈಸ್ಕಾ ಗರಿಟಾನೊ ಹಿಂದೆ ಇದೇ ಸಂಘದ ಆಟಗಾರನಾಗಿದ್ದವನು. ಆ ಶ್ರೇಣಿಯಲ್ಲಿ ಅತ್ಯಂತ ಕಡಮೆ, ಎಂದರೆ ವರ್ಷಕ್ಕೆ ಸುಮಾರು 40 ಲಕ್ಷ ಯೂರೊ, ವೆಚ್ಚದ ಸಂಘ ಇದೇ. ಕೆಳಗಿಳಿಯದೆ ಉಳಿದರೆ ಸಾಕೆಂದು ಎಲ್ಲರೂ ಹಾರೈಸಿದರು. ಆದರೆ ತಂಡವು ಗೆಲ್ಲುತ್ತಲೇ ಹೋಯಿತು. 2014ರ ಮೇ 25ರಂದು ಇಪುರೂವದಲ್ಲಿ ಮೂರನೆಯ ನೆರೆಯವರಾದ ಅಲಾವೆಸ್ ಸಂಘವನ್ನು 1-0ಯಿಂದ ಸೋಲಿಸಿ, ಐಬಾರ್ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಮೊದಲನೆಯ ಶ್ರೇಣಿಯ ಅರ್ಹತೆಯನ್ನು ಸಂಪಾದಿಸಿತು. ಆ ವರ್ಷದ ಎರಡನೆಯ ಶ್ರೇಣಿಯ ಪ್ರಥಮ ಸ್ಥಾನವೂ ಅದಕ್ಕೇ ದೊರೆಯಿತು.

ಆದರೆ ಅಂಗಣದಲ್ಲಿ ಗೆದ್ದುದು ಕಾಗದದಲ್ಲಿ ಸಾಲದಾಯಿತು.

ಹಿಂದಣ ದಶಕಗಳಲ್ಲಿ ಸ್ಪೇನಿನ ಸಂಘಗಳು ಮಿತಿಯಿಲ್ಲದೆ ಸಾಲ ಮಾಡಿದುದರಿಂದ ಸರ್ಕಾರವು 1990ರಲ್ಲಿ ಒಂದು ಕಾನೂನು ತಂದು, ಮೇಲಿನ ಎರಡು ಶ್ರೇಣಿಗಳ ಸಂಘಗಳೆಲ್ಲ ಷೇರು ಬಂಡವಾಳದ ಕಂಪನಿಗಳಾಗಬೇಕೆಂದು ವಿಧಿಸಿತು. ನಾಲ್ಕು ಸಂಘಗಳಿಗೆ ಮಾತ್ರ ವಿನಾಯಿತಿ: ರಿಯಲ್ ಮ್ಯಾಡ್ರಿಡ್, ಬಾರ್ಸೆಲೋನ, ಒಸಾಸೂನ ಮತ್ತು ನಮಗೆ ಈಗಾಗಲೇ ಪರಿಚಿತವಾದ ಅಥ್ಲೆಟಿಕ್. 1999ರ ರಾಜಾಜ್ಞೆಯು ಬಂಡವಾಳದ ಪ್ರಮಾಣವನ್ನು ಹೀಗೆ ಗೊತ್ತುಪಡಿಸಿತ್ತು: ಎರಡನೆಯ ಶ್ರೇಣಿಯ ಸಂಘಗಳ ವೆಚ್ಚದ ಸರಾಸರಿಯನ್ನು ತೆಗೆಯಬೇಕು, ಅತಿ ಹೆಚ್ಚು ವೆಚ್ಚದ ಎರಡನ್ನೂ ಅತಿ ಕಡಮೆ ವೆಚ್ಚದ ಎರಡನ್ನೂ ಬಿಡಬೇಕು, ಆ ಸರಾಸರಿಯ ನೂರಕ್ಕೆ 25ರಷ್ಟು ಮೂಲಧನ ಪ್ರತಿಯೊಂದು ಸಂಘದಲ್ಲಿಯೂ ಇರಬೇಕು. ಐಬಾರಿನ ಪಾಲಿಗೆ ಬಂದ ಮೊತ್ತ 21,46,525 ಯೂರೊ. ಸಂಘದ ಬಳಿಯಿದ್ದ ಮೂಲಧನ 4,22,253. ಕೊರತೆ ಎಷ್ಟೆಂಬುದನ್ನು ಕೆಳತರಗತಿಯ ಮಕ್ಕಳೂ ಕಳೆದು ಹೇಳಬಲ್ಲರು: 17,24,272 ಯೂರೊ. ನಮ್ಮ ನಾಣ್ಯದಲ್ಲಿ ಅಂದಿನ ಬೆಲೆಗೆ ಸುಮಾರು 14 ಕೋಟಿ ರೂಪಾಯಿ. 2014ರ ಆಗಸ್ಟ್ 6ರೊಳಗೆ ಇದನ್ನು ಕೂಡಿಸದಿದ್ದರೆ, ಮೊದಲ ಶ್ರೇಣಿಯ ಮಾತಂತಿರಲಿ, ಸಂಘವು ಮೂರನೆಯ ಶ್ರೇಣಿಗೆ ದೂಡಲ್ಪಡುತ್ತಿತ್ತು.

ಈ ಲೆಕ್ಕದ ಒಳಗುಟ್ಟನ್ನು ಗಮನಿಸಬೇಕು. 21,46,525ನ್ನು ನಾಲ್ಕರಿಂದ ಗುಣಿಸಿದರೆ ಉಳಿದವರ ಸರಾಸರಿ ವೆಚ್ಚ ತಿಳಿಯುತ್ತದೆ: ಸುಮಾರು 86 ಲಕ್ಷ. ಐಬಾರಿನ ವೆಚ್ಚ ಅದರ ಅರ್ಧವೂ ಅಲ್ಲ. ಎಂದರೆ ಇತರರು ಎಷ್ಟು ಧಾರಾಳವಾಗಿ ಖರ್ಚು ಮಾಡುತ್ತಾರೋ ಅಷ್ಟರ ಮಟ್ಟಿಗೆ ಮಿತವ್ಯಯಿಯ ಹೊರೆ ಏರುತ್ತದೆ. ಐಬಾರಿಗೆ ಸಾಲವೆಂಬುದೇ ಇರಲಿಲ್ಲ. ಕೈಯಲ್ಲಿದ್ದುದನ್ನು ಮಾತ್ರ ಖರ್ಚು ಮಾಡುವುದು ಅದರ ವ್ರತವಾಗಿತ್ತು. ಸಾಲಗಾರರನ್ನು ಅಂಕೆಯಲ್ಲಿಡಲು ಹುಟ್ಟಿದ ಕಾನೂನು ಸಾಲವಿಲ್ಲದವನ ಕುತ್ತಿಗೆಯನ್ನು ಹಿಡಿಯಿತು. ಕಾನೂನನ್ನು ಬರೆದವರು ಇದನ್ನು ಬಯಸಿರಲಿಕ್ಕಿಲ್ಲ; ಸಣ್ಣವನೊಬ್ಬನು ಅಷ್ಟು ಮೇಲಕ್ಕೆ ಬಂದಾನೆಂಬುದು ಅವರಿಗೆ ತೋರಲೇ ಇಲ್ಲವೆಂದು ನಾವು ಭಾವಿಸುತ್ತೇವೆ.

ಯಾರಾದರೊಬ್ಬ ಧನಿಕನಿಗೆ ಸಂಘವನ್ನು ಮಾರಿಬಿಟ್ಟಿದ್ದರೆ ಒಂದೇ ದಿನದಲ್ಲಿ ಹಣ ಸಿಕ್ಕುತ್ತಿತ್ತು. ಅಧ್ಯಕ್ಷ ಅಲೆಕ್ಸ್ ಅರಾನ್ಸಬಾಲ್ ಮತ್ತು ಆಡಳಿತ ಮಂಡಲಿಯವರು ಅದಕ್ಕೆ ಒಪ್ಪಲಿಲ್ಲ. ಬದಲಾಗಿ ಸಂಘದ ಷೇರುಗಳನ್ನು ಸಾರ್ವಜನಿಕರಿಗೆ ಮಾರಲು ನಿಶ್ಚಯಿಸಿ, ಯಾರೊಬ್ಬರೂ ಒಂದು ಲಕ್ಷ ಯೂರೊಗಿಂತ ಹೆಚ್ಚಿನ ಷೇರು ಕೊಳ್ಳಕೂಡದೆಂದು ಕಟ್ಟು ಮಾಡಿದರು. ಹಳೆಯ ಆಲ್ಫಾ ಕಾರ್ಖಾನೆಯ ಪದ್ಧತಿ ಓದುಗರಿಗೆ ನೆನಪಿರಬೇಕು. ಆದರೆ ಊರೊಂದರಿಂದಲೇ ಇದು ಸಾಧ್ಯವಿರಲಿಲ್ಲ: ತೊಟ್ಟಿಲ ಕೂಸೂ ಸೇರಿ 27,000 ಮಂದಿಯೂ ತಲೆಗೆ 50 ಯೂರೊ ಕೊಟ್ಟರೂ ಆಗುವುದು 13,50,000 ಮಾತ್ರ. ಆದುದರಿಂದ 'ಐಬಾರನ್ನು ಕಾಪಾಡಿ' ಎಂಬ ಕರೆ ಹೊರಗಿನ ಲೋಕಕ್ಕೆ ಹೋಯಿತು. ಹಿಂದೆ ಎರವಲು ಬಂದಿದ್ದ ಅಲೊನ್ಸೊ ಮತ್ತು ಸಿಲ್ವ ಇಬ್ಬರೂ ಅದಕ್ಕೆ ದನಿಗೂಡಿಸಿದರು. ಐವತ್ತಕ್ಕೂ ಮೇಲ್ಪಟ್ಟ ದೇಶಗಳಿಂದ, ಐಬಾರ್ ಎಲ್ಲಿದೆಯೆಂದು ಭೂಪಟದಲ್ಲಿ ಹುಡುಕಿ ನೋಡಬೇಕಾದ ಜನರಿಂದ, ಸಣ್ಣ ಸಣ್ಣ ಮೊತ್ತಗಳು ಬಂದು ಸೇರಿದುವು. ಜುಲೈ ತಿಂಗಳಲ್ಲಿಯೇ, ಗಡುವಿಗೆ ಮೊದಲೇ, ಕೊರತೆ ತುಂಬಿತು.

2014ರ ಆಗಸ್ಟ್ 24. ಐಬಾರಿನ ಮೊತ್ತಮೊದಲ ಮೊದಲನೆಯ ಶ್ರೇಣಿಯ ಪಂದ್ಯ. ಎದುರಾಳಿ ಯಾರೆಂದು ಬಲ್ಲಿರಾ? ನೆರೆಯ ರಿಯಲ್ ಸೊಸಿಯೆದಾದ್. ಆಟಗಾರರನ್ನು ಎರವಲು ಕೊಡುತ್ತಿದ್ದ, ಊರಿನ ಅರ್ಧ ಜನ ಮೆಚ್ಚಿಕೊಂಡಿದ್ದ ಅದೇ ಸಂಘ. ಈವರೆಗೆ ಎರಡು ದೋಣಿಗಳಲ್ಲಿ ಕಾಲಿಟ್ಟವರು ಅಂದು ಒಂದನ್ನು ಬಿಡಬೇಕಾಯಿತು. ಮೊದಲ ಅರ್ಧ ಇನ್ನೇನು ಮುಗಿಯಬೇಕೆನ್ನುವಾಗ ಐಬಾರಿಗೊಂದು ಫ್ರೀ ಕಿಕ್ ದೊರೆಯಿತು. ಹಾವಿ ಲಾರ ಒದೆದ ಚೆಂಡು ನೇರವಾಗಿ ಬಲೆ ಸೇರಿತು. ಐಬಾರಿಗೆ 1-0 ಜಯ.

ಆ ವರ್ಷದ ಮುಂದಿನ ಕಥೆಯನ್ನು ಕಲ್ಪಿಸಿ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ. ಅರ್ಧ ವರ್ಷ ಕಳೆದಾಗ ಐಬಾರ್ ಎಂಟನೆಯ ಸ್ಥಾನದಲ್ಲಿತ್ತು. ಬಳಿಕ ಸೋಲಿನ ಮೇಲೆ ಸೋಲು. ಕೊನೆಯಲ್ಲಿ ಮೂರು ಸಂಘಗಳು 35 ಅಂಕಗಳೊಡನೆ ಸಮನಾಗಿ ನಿಂತವು. ಪರಸ್ಪರ ಪಂದ್ಯಗಳ ಫಲಿತಾಂಶವನ್ನು ತೂಗಿ ನೋಡಿದಾಗ ಐಬಾರ್ 18ನೆಯದಾಗಿ ಇಳಿಯಬೇಕಾಯಿತು. ಗರಿಟಾನೊ ಸಂಘವನ್ನು ಬಿಟ್ಟನು. ಅಷ್ಟರಲ್ಲಿ 13ನೆಯ ಸ್ಥಾನದಲ್ಲಿದ್ದ ಎಲ್ಚೆ ಎಂಬ ಸಂಘವನ್ನು, ತೆರಿಗೆಯ ಬಾಕಿ ತೀರಿಸದ ಕಾರಣ, ಲೀಗಿನವರು ಕೆಳಗಿಳಿಸಿದರು. ತೆರವಾದ ಸ್ಥಾನ ಐಬಾರಿಗೆ ಬಂದಿತು. ಸಾಲವಿಲ್ಲದೆಯೂ ಹಿಂದಿನ ವರ್ಷ ಹೊರಬೀಳಲಿದ್ದ ಸಂಘ, ಮತ್ತೊಬ್ಬರ ಸಾಲದಿಂದಾಗಿ ಈಗ ಉಳಿಯಿತು. ಎಲ್ಚೆಯ ಅಭಿಮಾನಿಗಳ ದುಃಖವನ್ನೂ ಇಲ್ಲಿ ಮರೆಯಬಾರದು. ಅವರ ಆಟಗಾರರು ಅಂಗಣದಲ್ಲಿ ಸೋತಿರಲಿಲ್ಲ.

ಬಳಿಕ ಹೋಸೆ ಲೂಯಿಸ್ ಮೆಂಡಿಲಿಬಾರ್ ಎಂಬ ತರಬೇತುದಾರನ ಕೈಕೆಳಗೆ ಐಬಾರ್ ಆರು ವರ್ಷ ಮೊದಲ ಶ್ರೇಣಿಯಲ್ಲಿ ಆಡಿತು. ಹಿಂದೆ ಸರಿದು ಕಾಯುವುದು ಸಣ್ಣ ತಂಡಗಳ ವಾಡಿಕೆ; ಈತನದು ಎದುರಾಳಿಯನ್ನು ಅವನ ಗೋಲಿನ ಬಳಿಯೇ ಮುತ್ತುವ ಪದ್ಧತಿ. 2018ರಲ್ಲಿ ಮುಗಿದ ಋತುವಿನಲ್ಲಿ ಒಂಬತ್ತನೆಯ ಸ್ಥಾನ ದೊರೆತುದು ಈವರೆಗಿನ ಅತ್ಯುತ್ತಮ ಸಾಧನೆ. ಅದೇ ವರ್ಷದ ನವೆಂಬರ್ 24ರಂದು ರಿಯಲ್ ಮ್ಯಾಡ್ರಿಡ್ ಇಪುರೂವಕ್ಕೆ ಬಂದು 3-0ಯಿಂದ ಸೋತು ಹಿಂತಿರುಗಿತು. ಅಂಗಣವನ್ನು ಸುಮಾರು ಎಂಟು ಸಾವಿರ ಮಂದಿಗೆ ಹಿಡಿಸುವಂತೆ ಹಿಗ್ಗಿಸಿದರು. 2020ರಲ್ಲಿ ಸಂಘದ ಮಹಿಳೆಯರ ತಂಡವೂ ತನ್ನ ಮೊದಲ ಶ್ರೇಣಿಗೆ ಏರಿತು. ನಮ್ಮ ವಿದ್ಯಾರ್ಥಿನಿಯರು ಇದನ್ನು ಗುರುತು ಹಾಕಿಕೊಳ್ಳಲಿ.

ಆ 2020ರಲ್ಲಿಯೇ ಸೊಸಿಯೆದಾದ್ ಸಂಘದೊಡನೆ ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದ ಪಂದ್ಯವು, ಸಮೀಪದ ಸಾಲ್ದಿಬಾರಿನಲ್ಲಿ ಕಸದ ಗುಡ್ಡೆ ಕುಸಿದು ಗಾಳಿ ಕೆಟ್ಟುದರಿಂದ ಮುಂದಕ್ಕೆ ಹೋಯಿತು. ಅದು ನಡೆದುದು ಮಾರ್ಚ್ 10ರಂದು. ಅಷ್ಟರಲ್ಲಿ ಕೊರೋನ ವ್ಯಾಧಿ ಹಬ್ಬಿ, ಆ ಕಾರಣದಿಂದ ಪ್ರೇಕ್ಷಕರಿಲ್ಲದೆ ನಡೆದ ಲೀಗಿನ ಮೊದಲ ಪಂದ್ಯ ಇದೇ ಆಯಿತು. ನೆರೆಯವರ ಪಂದ್ಯದಲ್ಲಿ ಕೂಗುವವರೇ ಇಲ್ಲ. ಮುಂದಿನ ವರ್ಷವೆಲ್ಲ ಅಂಗಣ ಬರಿದಾಗಿಯೇ ಇದ್ದಿತು, ಮತ್ತು ಆ ವರ್ಷದ ಕೊನೆಗೆ, 2021ರ ಮೇ ತಿಂಗಳಲ್ಲಿ, ಐಬಾರ್ ಕೊನೆಯ ಸ್ಥಾನದಲ್ಲಿ ನಿಂತು ಕೆಳಗಿಳಿಯಿತು. ಒಂದರಿಂದ ಇನ್ನೊಂದಾಯಿತೆಂದು ನಾವು ಸಾಧಿಸಲಾರೆವು. ಆದರೆ ಇಕ್ಕಟ್ಟಾದ ಆ ಅಂಗಣದ ಗದ್ದಲವೇ ತಂಡದ ಬಲದ ಒಂದು ಪಾಲಾಗಿತ್ತೆಂಬುದನ್ನು ಅಲ್ಲಿ ಆಡಿ ಸೋತವರು ಅಲ್ಲಗಳೆಯಲಾರರು.

ಮರಳಿ ಏರುವ ಯತ್ನ ನಿಲ್ಲಲಿಲ್ಲ. 2022ರ ಕೊನೆಯ ದಿನ ಗೆದ್ದಿದ್ದರೆ ಸಾಕಿತ್ತು. ಆಗಲೇ ಕೆಳಗಿಳಿಯುವುದು ಖಚಿತವಾಗಿದ್ದ ಅಲ್ಕೊರ್ಕೊನ್ ತಂಡಕ್ಕೆ 1-0ಯಿಂದ ಸೋತಿತು. ಬಡ್ತಿಗಾಗಿ ನಡೆಯುವ ಹೆಚ್ಚುವರಿ ಪಂದ್ಯಗಳಲ್ಲಿ ಆ ವರ್ಷ ಜಿರೋನ, 2023ರಲ್ಲಿ ಹಳೆಯ ನೆರೆಯವರಾದ ಅಲಾವೆಸ್, 2024ರಲ್ಲಿ ಒವಿಯೆಡೊ ಅದನ್ನು ತಡೆದವು. ಅಲಾವೆಸ್ ಸಂಘವಂತೂ ಐಬಾರನ್ನು ದಾಟಿ ತಾನೇ ಮೇಲಕ್ಕೇರಿ, 2014ರ ಮೇ ತಿಂಗಳ ಲೆಕ್ಕವನ್ನು ಚುಕ್ತಾ ಮಾಡಿಕೊಂಡಿತು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. 1997ರಲ್ಲಿ ಐಬಾರ್ ಊರಿನಲ್ಲಿ ಹುಟ್ಟಿದ ಮಿಕೆಲ್ ಒಯಾರ್ಸಾಬಾಲ್ ಎಂಬ ಬಾಲಕ ಮೊದಲು ಚೆಂಡಾಡಿದುದು ಊರಿನ ಸಂಘದ ಕಿರಿಯರ ತಂಡದಲ್ಲಿ. ಬಳಿಕ ಸೊಸಿಯೆದಾದ್ ಅವನನ್ನು ಕರೆದುಕೊಂಡಿತು. ಮುಂದೆ ಆ ಸಂಘದ ನಾಯಕನೂ ಆದನು. 2024ರ ಜುಲೈ 14ರಂದು ಬರ್ಲಿನ್ ನಗರದಲ್ಲಿ ಇಂಗ್ಲೆಂಡಿನ ವಿರುದ್ಧ ಯೂರೋಪಿನ ಅಂತಿಮ ಪಂದ್ಯವು 1-1ರಲ್ಲಿ ತೂಗುತ್ತಿದ್ದಾಗ, ಆಟ ಮುಗಿಯಲು ನಾಲ್ಕು ನಿಮಿಷವಿರುವಂತೆ, ಸ್ಪೇನಿಗೆ ವಿಜಯದ ಗೋಲನ್ನು ಹೊಡೆದವನು ಇವನೇ. ಐಬಾರ್ ಸಂಘ ಆ ಹೊತ್ತಿಗೆ ಎರಡನೆಯ ಶ್ರೇಣಿಯಲ್ಲಿ ಮತ್ತೊಂದು ವರ್ಷದ ಆಟಕ್ಕೆ ಸಿದ್ಧವಾಗುತ್ತಿತ್ತು.